ತಾಯಿ ಮೆಥಡಿಸ್ಟ್, ತಂದೆ ಬಾಸೆಲ್ ಮಿಷನ್: ಸಭೆಯ ಚರಿತ್ರೆಯನ್ನು ಎಲ್ಲಿಂದ ಬರೆಯಬೇಕು?

ಪ್ರಶ್ನೆ: ನಾನು ಉಡುಪಿಯವನು. ನಮ್ಮ ಕ್ರೈಸ್ತ ಸಭೆಯ ವಾರ್ಷಿಕೋತ್ಸವಕ್ಕೆ ಸ್ಮರಣ ಸಂಚಿಕೆ ತರುವುದೆಂದು ತೀರ್ಮಾನವಾಗಿ, ಚರಿತ್ರೆ ಬರೆಯುವ ಹೊಣೆ ನನ್ನ ತಲೆಗೆ ಬಂದಿದೆ. ಸಮಿತಿಯವರು ಕೈಗೆ ಕೊಟ್ಟಿರುವುದು ಮಿಷನರಿಗಳ ಮತ್ತು ಸಭಾಪಾಲಕರ ಹೆಸರಿನ ಪಟ್ಟಿ ಮಾತ್ರ. ತಂದೆಯ ಕಡೆಯವರು ತಲೆತಲಾಂತರದಿಂದ ಬಾಸೆಲ್ ಮಿಷನ್ನಿನವರು. ತಾಯಿಯ ತವರು ಬೆಳಗಾವಿ, ಅವರದು ಮೆಥಡಿಸ್ಟ್ ಸಭೆ. ಹೆಂಡತಿ ತುಮಕೂರಿನವರು, ಅವರ ಸಭೆಯೂ ಹಿಂದೆ ಮೆಥಡಿಸ್ಟ್ ಆಗಿತ್ತಂತೆ, ಈಗ ನಮ್ಮಂತೆಯೇ ಸಿಎಸ್‌ಐ (ದಕ್ಷಿಣ ಭಾರತ ಸಭೆ). ತಾಯಿಯ ಸಭೆ ಮಾತ್ರ ಇಂದಿಗೂ ಮೆಥಡಿಸ್ಟ್ ಆಗಿಯೇ ಉಳಿದಿದೆ. ಇದು ಹೇಗೆ? ಕರಾವಳಿಯ ಹಳೆಯ ಸಭೆಗಳ ಮಾತು ಬಂದಾಗ ಮೆಥಡಿಸ್ಟ್ ಹೆಸರು ಯಾಕೆ ಕೇಳಿಸುವುದಿಲ್ಲ? ನಮ್ಮ ಸಭೆ ಹುಟ್ಟಿದ ವರ್ಷ ಯಾವುದೆಂದು ಹಿರಿಯರಲ್ಲೇ ಒಮ್ಮತವಿಲ್ಲ. ಪಟ್ಟಿಯ ಆಚೆಗೆ ಏನನ್ನಾದರೂ ಬರೆಯಲು ಎಲ್ಲಿ ಹುಡುಕಬೇಕು?

ಉತ್ತರ: ಮೊದಲು ನಿಮ್ಮ ಮನೆಯೊಳಗಿನ ಗೊಂದಲವನ್ನೇ ಬಿಡಿಸೋಣ. ನಿಮ್ಮ ತಾಯಿಯವರ ಮೆಥಡಿಸ್ಟ್ ಬೇರೆ, ಹೆಂಡತಿಯವರ ಮೆಥಡಿಸ್ಟ್ ಬೇರೆ. ಹದಿನೆಂಟನೆಯ ಶತಮಾನದ ಜಾನ್ ವೆಸ್ಲಿಯೇ ಇಬ್ಬರಿಗೂ ಮೂಲಪುರುಷ. ಆದರೆ ತುಮಕೂರಿಗೆ ಆತನ ಪಂಥ ಬಂದದ್ದು ನೇರವಾಗಿ ಇಂಗ್ಲೆಂಡಿನಿಂದ, ಬೆಳಗಾವಿಗೆ ಬಂದದ್ದು ಅಮೆರಿಕವನ್ನು ಬಳಸಿಕೊಂಡು.

ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ 1821ರಲ್ಲಿ ಬೆಂಗಳೂರಿನಲ್ಲಿ ಕೆಲಸ ಆರಂಭಿಸಿತು. ಮೊದಮೊದಲು ದಂಡು ಪ್ರದೇಶದ ತಮಿಳರ ನಡುವೆ, ಆಮೇಲೆ ಕನ್ನಡಿಗರ ನಡುವೆ. 1837ರಲ್ಲಿ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ನೆಲೆಸಿದ ಮೇಲೆ ಹಳೆ ಮೈಸೂರು ಸೀಮೆಯ ಕನ್ನಡ ಕೆಲಸಕ್ಕೆ ಕಾಲೂರಲು ಜಾಗ ಸಿಕ್ಕಿತು. ತುಮಕೂರು, ಹಾಸನ, ಶಿವಮೊಗ್ಗ, ಮೈಸೂರು ಎಲ್ಲವೂ ಅವರ ಬಯಲು. ಮೈಸೂರಿನ ಹಾರ್ಡ್ವಿಕ್ ಶಾಲೆ, 1906ರಲ್ಲಿ ಆರಂಭವಾಗಿ ಇಂದಿಗೂ ಊರವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ವೆಸ್ಲಿಯನ್ ಮಿಷನ್ ಪ್ರೆಸ್ ಇವೆಲ್ಲ ಅದೇ ಬಳ್ಳಿಯ ಕಾಯಿಗಳು.

ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆ ಭಾರತಕ್ಕೆ ಬಂದದ್ದು 1856ರಲ್ಲಿ, ವಿಲಿಯಂ ಬಟ್ಲರ್ ಮೂಲಕ. ಅವರ ಮೊದಲ ನೆಲೆ ಉತ್ತರದ ಬರೇಲಿ. 1870ರ ದಶಕದಲ್ಲಿ ವಿಲಿಯಂ ಟೇಲರ್ ಎಂಬ ಬೋಧಕ ಮುಂಬಯಿ, ಮದ್ರಾಸು, ಬೆಂಗಳೂರುಗಳಲ್ಲಿ ಸಭೆಗಳನ್ನು ಕಟ್ಟಿದ. ಮುಂದೆ ಕೋಲಾರ, ಬೀದರ, ಕಲಬುರಗಿ ಕಡೆಗೂ ಆ ಕೆಲಸ ಹಬ್ಬಿತು. ಬೆಳಗಾವಿಯ ಕಥೆಯಲ್ಲಿ ಇನ್ನೊಂದು ತಿರುವು ಇದೆ. ಅಲ್ಲಿ 1820ರಿಂದಲೂ ಇದ್ದದ್ದು ಲಂಡನ್ ಮಿಷನ್. ಅದು ತನ್ನ ಬೆಳಗಾವಿ ಕೆಲಸವನ್ನು ಅಮೆರಿಕನ್ ಮೆಥಡಿಸ್ಟರಿಗೆ ಒಪ್ಪಿಸಿದ್ದು 1904ರಲ್ಲಿ. ನಿಮ್ಮ ತಾಯಿಯ ಹಿರಿಯರು ಅದಕ್ಕೂ ಮೊದಲೇ ಕ್ರೈಸ್ತರಾಗಿದ್ದರೆ ಅವರು ದೀಕ್ಷಾಸ್ನಾನ ಪಡೆದದ್ದು ಲಂಡನ್ ಮಿಷನ್ನಿನವರಾಗಿ. ಮೆಥಡಿಸ್ಟರಾದದ್ದು ಕಾಗದಪತ್ರ ಕೈಬದಲಾದಾಗ. ಹೀಗೆ ಕುಳಿತಲ್ಲೇ ಪಂಗಡ ಬದಲಾದ ಕುಟುಂಬಗಳು ಕರ್ನಾಟಕದಲ್ಲಿ ಸಾವಿರಾರು ಇವೆ.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕಥೀಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ರೂಪುಗೊಂಡಾಗ ಅದರೊಳಗೆ ಬಂದವರು ಮೂರು ಕಡೆಯವರು: ಆಂಗ್ಲಿಕನ್ನರು, ಬ್ರಿಟಿಷ್ ಮೂಲದ ಮೆಥಡಿಸ್ಟರು, ಮತ್ತು ಕಾಂಗ್ರಿಗೇಷನಲ್, ಪ್ರೆಸ್ಬಿಟೇರಿಯನ್ ಮೂಲದ ಸಭೆಗಳು ಮೊದಲೇ ಸೇರಿ ಕಟ್ಟಿಕೊಂಡಿದ್ದ ಒಕ್ಕೂಟ. ತುಮಕೂರು ಎರಡನೆಯ ಕಡೆಯದು, ಆದ್ದರಿಂದ ಒಳಗೆ ಬಂತು. ಅಮೆರಿಕನ್ ಮೂಲದ ಮೆಥಡಿಸ್ಟರು ಸೇರಲಿಲ್ಲ. ಅವರ ಬಲವಿದ್ದದ್ದು ಉತ್ತರ ಭಾರತದಲ್ಲಿ. ಆಡಳಿತದ ನಂಟಿದ್ದದ್ದು ಅಮೆರಿಕದ ಮಹಾಸಮ್ಮೇಳನದ ಜೊತೆ. ದಕ್ಷಿಣದ ತುಂಡನ್ನು ಮಾತ್ರ ಕತ್ತರಿಸಿ ಕೊಡುವುದು ಸುಲಭವಿರಲಿಲ್ಲ. ಉತ್ತರದಲ್ಲಿ ಅಂಥದೇ ಐಕ್ಯ ಸಭೆ ಆಗುವ ಹೊತ್ತಿಗೆ, 1970ರಲ್ಲಿ, ಕೊನೆಯ ಗಳಿಗೆಯಲ್ಲಿ ಅದಕ್ಕೂ ಬೇಡವೆಂದರು. 1981ರಲ್ಲಿ ಅವರು ಮೆಥಡಿಸ್ಟ್ ಚರ್ಚ್ ಇನ್ ಇಂಡಿಯಾ ಎಂಬ ಸ್ವಾಯತ್ತ ಸಭೆಯಾದರು. ನಿಮ್ಮ ತಾಯಿಯವರ ಸಭೆ ಅದರದು.

ಇನ್ನು ಕರಾವಳಿ. ಮಿಷನ್‌ಗಳು ಒಬ್ಬರ ಹೊಲಕ್ಕೆ ಇನ್ನೊಬ್ಬರು ಇಳಿಯಬಾರದೆಂದು ತಮ್ಮತಮ್ಮಲ್ಲೇ ಸೀಮೆ ಹಂಚಿಕೊಂಡಿದ್ದವು. ಮೆಥಡಿಸ್ಟರು ಘಟ್ಟದ ಮೇಲೆ ಕನ್ನಡ ಕೆಲಸ ಆರಂಭಿಸುವ ಹೊತ್ತಿಗೆ ಇಲ್ಲಿ ಬಾಸೆಲ್ ಮಿಷನ್ ಬಂದು ಕುಳಿತಾಗಿತ್ತು. 1833ರ ಚಾರ್ಟರ್ ಕಾಯಿದೆ ಬ್ರಿಟಿಷರಲ್ಲದ ಮಿಷನರಿಗಳಿಗೂ ಬಾಗಿಲು ತೆರೆಯಿತು. ಮರುವರ್ಷವೇ ಸ್ಯಾಮ್ಯುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಹಡಗಿನಿಂದ ಇಳಿದು, 1834ರ ಅಕ್ಟೋಬರ್ 30ರಂದು ಮಂಗಳೂರು ತಲುಪಿದರು. ಒಂದು ಮಾತು ನೆನಪಿರಲಿ: ಬಾಸೆಲ್ ಮಿಷನ್ ಎಂಬುದು ಪಂಗಡವಲ್ಲ. ಅದು ಸ್ವಿಟ್ಜರ್‌ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಸಂಘ. ಅದರ ಮಿಷನರಿಗಳಲ್ಲಿ ಬಹಳ ಮಂದಿ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯವರು. ಲೂಥರನ್ನರೂ ಇದ್ದರು, ರಿಫಾರ್ಮ್ಡ್ ಸಭೆಯವರೂ ಇದ್ದರು. ಹಾಗಾಗಿ ನಮ್ಮ ಹಳಬರನ್ನು ನೀವು ಯಾವ ಪಂಗಡದವರೆಂದು ಕೇಳಿದರೆ ಬಾಸೆಲ್ ಮಿಷನ್ನಿನವರು ಎಂಬ ಉತ್ತರ ಬರುತ್ತದೆಯೇ ಹೊರತು ಪಂಗಡದ ಹೆಸರು ಬರುವುದಿಲ್ಲ.

ಕರಾವಳಿಯ ಬಾಸೆಲ್ ಸಭೆಗಳನ್ನೂ ಮೈಸೂರು ಸೀಮೆಯ ವೆಸ್ಲಿಯನ್ ಸಭೆಗಳನ್ನೂ ಒಟ್ಟಿಗೆ ಹಿಡಿದಿರುವುದು ಮಂಗಳೂರಿನ ಬಲ್ಮಠದಲ್ಲಿ ಕೇಂದ್ರವಿರುವ ಸಿಎಸ್‌ಐ ಕರ್ನಾಟಕ ದಕ್ಷಿಣ ಡಯಾಸಿಸ್. ಇಂದು ಉಡುಪಿಯಲ್ಲೂ ಹಾಸನದಲ್ಲೂ ಒಬ್ಬರೇ ಬಿಷಪ್. ಆದರೆ ಎರಡು ಕಡೆಯ ಕಪಾಟುಗಳಲ್ಲಿ ಇರುವ ಹಳೆಯ ಪುಸ್ತಕಗಳು ಒಂದೇ ಬಗೆಯವಲ್ಲ, ಮತ್ತು ಚರಿತ್ರೆ ಬರೆಯುವವನಿಗೆ ಬೇಕಾದದ್ದು ಆ ಕಪಾಟು. (ಸಿಎಸ್‌ಐಗೆ ಸೇರದೆ ಯುನೈಟೆಡ್ ಬಾಸೆಲ್ ಮಿಷನ್ ಚರ್ಚ್ ಎಂಬ ಹೆಸರನ್ನು ಉಳಿಸಿಕೊಂಡ ಸಭೆಗಳೂ ಇವೆ. ಸಂಚಿಕೆಯಲ್ಲಿ ಅವರ ಬಗ್ಗೆ ಬರೆಯುವಾಗ ಒಡೆದು ಹೋದವರು ಎಂಬಂಥ ಮಾತು ಬೇಡ. ಅವರ ದೃಷ್ಟಿಯಲ್ಲಿ ಹೋದವರು ನೀವು.)

ವೆಸ್ಲಿಯನ್ ಪದ್ಧತಿಯಲ್ಲಿ ಸದಸ್ಯರನ್ನು ಕ್ಲಾಸ್ ಎಂಬ ಸಣ್ಣ ಗುಂಪುಗಳಾಗಿ ವಿಂಗಡಿಸುತ್ತಿದ್ದರು. ಪ್ರತಿ ಗುಂಪಿಗೂ ಒಬ್ಬ ನಾಯಕ. ಮೂರು ತಿಂಗಳಿಗೊಮ್ಮೆ ಸದಸ್ಯನ ಹೆಸರಿನಲ್ಲಿ ಒಂದು ಚೀಟಿ, ಅದೇ ಕ್ಲಾಸ್ ಟಿಕೆಟ್. ಸಭಾಪಾಲಕರನ್ನು ಕೆಲವು ವರ್ಷಗಳಿಗೊಮ್ಮೆ ಊರಿಂದೂರಿಗೆ ಕಳುಹಿಸುತ್ತಿದ್ದರು. ಹಲವು ಊರು ಸೇರಿ ಒಂದು ಸರ್ಕಿಟ್. ಹಾಗಾಗಿ ಅಲ್ಲಿನ ಚರಿತ್ರೆ ಸದಸ್ಯತ್ವದ ಪಟ್ಟಿಗಳಲ್ಲೂ ತ್ರೈಮಾಸಿಕ ಸಭೆಯ ನಡಾವಳಿಗಳಲ್ಲೂ ಇರುತ್ತದೆ. ನಿಮ್ಮ ಹೆಂಡತಿಯ ತವರಿನಲ್ಲಿ ಹಳೆಯ ಬೈಬಲ್ ಇದ್ದರೆ ಪುಟಗಳ ನಡುವೆ ಒಮ್ಮೆ ನೋಡಲು ಹೇಳಿ, ಇಂಥ ಚೀಟಿ ಅಲ್ಲಿ ಸಿಗುವುದುಂಟು. ಬಾಸೆಲ್ ಪದ್ಧತಿಯಲ್ಲಿ ಎಲ್ಲವೂ ಮಿಷನ್ ಸ್ಟೇಷನ್ನಿನ ಸುತ್ತ. ಮಿಷನರಿ, ಅವನ ಕೈಕೆಳಗೆ ಉಪದೇಶಿ, ಸಭೆಯ ಹಿರಿಯರು, ಕಟ್ಟುನಿಟ್ಟಾದ ಸಭಾಶಿಸ್ತು. ಆದ್ದರಿಂದ ಇಲ್ಲಿ ಮುಖ್ಯವಾದವು ದೀಕ್ಷಾಸ್ನಾನದ, ಮದುವೆಯ, ಸಮಾಧಿಯ ರಿಜಿಸ್ಟರುಗಳು, ಹಿರಿಯರ ಸಭೆಯ ನಡಾವಳಿ ಪುಸ್ತಕ, ಮತ್ತು ಸ್ಟೇಷನ್ನಿನಿಂದ ಬಾಸೆಲ್‌ಗೆ ಹೋದ ವರದಿಗಳು.

ಸಮಿತಿ ಕೊಟ್ಟ ಪಟ್ಟಿಯನ್ನು ಸಂಚಿಕೆಯ ಕೊನೆಯ ಪುಟಕ್ಕೆ ಇಟ್ಟುಬಿಡಿ. ಕರಾವಳಿಯ ಸ್ಮರಣ ಸಂಚಿಕೆಗಳು ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ: ಹೆಬಿಕ್ ಬಂದರು, ಮೊಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ತಂದರು, ಕಿಟ್ಟೆಲ್ 1894ರಲ್ಲಿ ನಿಘಂಟು ತಂದರು, ಖಾಕಿ ಬಣ್ಣ ಇಲ್ಲೇ ಹುಟ್ಟಿತು, ಆಮೇಲೆ ಕಟ್ಟಡದ ಜೀರ್ಣೋದ್ಧಾರ, ಆಮೇಲೆ ದಾನಿಗಳ ಭಾವಚಿತ್ರ. ಮೊದಲನೆಯವು ಸತ್ಯ, ಆದರೆ ಅವು ನಿಮ್ಮ ಸಭೆಯ ಚರಿತ್ರೆಯಲ್ಲ. ಖಾಕಿಯ ವಿಷಯದಲ್ಲಿ ಸ್ವಲ್ಪ ತಡೆಯಿರಿ. ಬಲ್ಮಠದ ನೇಯ್ಗೆ ಕಾರ್ಖಾನೆಯಲ್ಲಿ ಹಾಲರ್ ಎಂಬ ಮಿಷನರಿ 1850ರ ದಶಕದಲ್ಲಿ ಆ ಬಣ್ಣದ ಬಟ್ಟೆ ತಯಾರಿಸಿದರೆಂಬುದು ಪ್ರಸಿದ್ಧ. ಆದರೆ ಪಂಜಾಬಿನ ಗಡಿಯಲ್ಲಿ ಲಮ್ಸ್‌ಡೆನ್ನನ ಗೈಡ್ಸ್ ದಳದವರು 1840ರ ದಶಕದ ಕೊನೆಯಲ್ಲೇ ಖಾಕಿ ತೊಟ್ಟಿದ್ದರು. ಮಂಗಳೂರಿನಲ್ಲಿ ಖಾಕಿ ನೇಯ್ದರು ಎನ್ನಿ, ಜಗತ್ತಿಗೆ ಖಾಕಿ ಕೊಟ್ಟೆವು ಎನ್ನಬೇಡಿ.

ಹಾಗಾದರೆ ನಿಮ್ಮ ಸಭೆಯ ಚರಿತ್ರೆ ಯಾವುದು? ಯಾರು ಬಂದು ಸೇರಿದರು, ಸೇರಿದ ಮೇಲೆ ಹೊಟ್ಟೆಗೆ ಏನು ಮಾಡಿಕೊಂಡರು ಎಂಬುದು. ಇದನ್ನು ಹೇಳಬಲ್ಲದ್ದು ದೀಕ್ಷಾಸ್ನಾನದ ರಿಜಿಸ್ಟರ್ ಒಂದೇ. ಹತ್ತೊಂಬತ್ತನೆಯ ಶತಮಾನದ ಇಂಥ ರಿಜಿಸ್ಟರಿನಲ್ಲಿ ಸಾಮಾನ್ಯವಾಗಿ ಎರಡು ಪುಟಕ್ಕೆ ಅಡ್ಡಲಾಗಿ ಗೆರೆ ಎಳೆದಿರುತ್ತಾರೆ. ಎಡಕ್ಕೆ ಕ್ರಮಸಂಖ್ಯೆ, ತಾರೀಕು, ಹೊಸ ಹೆಸರು, ಹಳೆಯ ಹೆಸರು, ವಯಸ್ಸು. ಬಲಕ್ಕೆ ಜಾತಿ, ಊರು, ಕಸುಬು, ತಂದೆತಾಯಿ, ದೀಕ್ಷಾಸ್ನಾನ ಕೊಟ್ಟವರು, ಕೊನೆಗೆ ಷರಾ. ಓದುವವರೆಲ್ಲ ಹೆಸರಿನ ಅಂಕಣಕ್ಕೆ ಕಣ್ಣು ಹಾಕಿ ತಮ್ಮ ಮುತ್ತಜ್ಜನನ್ನು ಹುಡುಕುತ್ತಾರೆ. ನೀವು ಕಸುಬಿನ ಅಂಕಣವನ್ನೂ ಷರಾವನ್ನೂ ಓದಿ. ಷರಾದಲ್ಲಿ ಬೇರೆ ಶಾಯಿಯಲ್ಲಿ, ಬೇರೆ ಕೈಬರಹದಲ್ಲಿ, ವರ್ಷಗಳ ನಂತರ ಸೇರಿಸಿದ ಸಾಲುಗಳಿರುತ್ತವೆ: ಬೇರೆ ಸಭೆಗೆ ಹೋದದ್ದು, ಕೊಡಗಿಗೆ ಗುಳೆ ಹೋದದ್ದು, ಶಿಸ್ತಿಗೆ ಒಳಗಾದದ್ದು, ಮರಳಿ ಬಂದದ್ದು, ಸತ್ತದ್ದು. ಒಬ್ಬ ಮನುಷ್ಯನ ಇಡೀ ಬದುಕು ಅರ್ಧ ಇಂಚು ಜಾಗದಲ್ಲಿ ಸಿಗುತ್ತದೆ.

ಕಸುಬಿನ ಅಂಕಣ ಯಾಕೆ ಮುಖ್ಯವೆಂದು ಹೇಳುತ್ತೇನೆ. ಮಂಗಳೂರಿನ ಚರಿತ್ರೆ ಬರೆಯುವವರು ಆನಂದರಾವ್ ಕೌಂಡಿನ್ಯರನ್ನು ಬಿಡುವುದಿಲ್ಲ. ಸಾರಸ್ವತ ಬ್ರಾಹ್ಮಣ ಯುವಕ, 1844ರಲ್ಲಿ ದೀಕ್ಷಾಸ್ನಾನ ಪಡೆದು ಹರ್ಮನ್ ಆದರು, ಊರಿನಲ್ಲಿ ದೊಡ್ಡ ಗುಲ್ಲೆದ್ದಿತು, 1846ರಲ್ಲಿ ಬಾಸೆಲ್‌ಗೆ ಹೋಗಿ ಓದಿ 1851ರಲ್ಲಿ ಮಿಷನರಿಯಾಗಿ ಮರಳಿದರು. ಅವರದು ದೊಡ್ಡ ಬದುಕು, ಸಂಶಯವಿಲ್ಲ. ಆದರೆ ಮಂಗಳೂರಿನಿಂದ ಮೂಲ್ಕಿ, ಉಚ್ಚಿಲ, ಉಡುಪಿಯವರೆಗೆ ಸಭೆ ತುಂಬಿದವರು ಬಹುಪಾಲು ಬಿಲ್ಲವರು. ಅವರಲ್ಲಿ ಅನೇಕರ ಕಸುಬು ಮೂರ್ತೆ, ಅಂದರೆ ಮರದಿಂದ ಶೇಂದಿ ಇಳಿಸುವುದು. ಅದನ್ನು ಮಿಷನ್ ಒಪ್ಪುತ್ತಿರಲಿಲ್ಲ. ಅಂದರೆ ದೀಕ್ಷಾಸ್ನಾನದ ದಿನವೇ ಮನೆಯ ಸಂಪಾದನೆ ನಿಂತಿತು. ಭೂಮಾಲೀಕನ ಒಕ್ಕಲಾಗಿದ್ದವನಿಗೆ ಗೇಣಿ ಭೂಮಿಯೂ ಹೋಗುವ ಭಯ. ಕುಟುಂಬದ ಆಸ್ತಿಯಲ್ಲಿ ಹಕ್ಕು? ಮತಾಂತರವಾದವನ ಉತ್ತರಾಧಿಕಾರ ಹೋಗದಂತೆ 1850ರಲ್ಲಿ ಕಾಯಿದೆ ಬಂತು, ನಿಜ. ಆದರೆ ಕೋರ್ಟಿಗೆ ಹೋಗಿ ಗೆಲ್ಲುವ ಶಕ್ತಿ ಶೇಂದಿ ಇಳಿಸುವವನಿಗೆ ಎಲ್ಲಿತ್ತು?

ಈ ಒತ್ತಡದಿಂದಲೇ ಕರಾವಳಿಯ ಕೈಗಾರಿಕೆ ಹುಟ್ಟಿತು. ಮಿಷನ್ ಮೊದಲು ಬೇಸಾಯ ಪ್ರಯತ್ನಿಸಿತು, ಅಚ್ಚಿನ ಕೆಲಸ, ರಟ್ಟು ಕಟ್ಟುವ ಕೆಲಸ ಕಲಿಸಿತು, ನೇಯ್ಗೆ ತಂದಿತು. 1865ರಲ್ಲಿ ಗಿಯೋರ್ಗ್ ಪ್ಲೆಬ್ಸ್ಟ್ ಎಂಬ ಮಿಷನರಿ ಮಂಗಳೂರಿನ ಜೆಪ್ಪುವಿನಲ್ಲಿ ನೇತ್ರಾವತಿಯ ದಡದ ಜೇಡಿಮಣ್ಣಿನಿಂದ ಹಂಚು ತೆಗೆದ ಮೇಲೆ ನೂರಾರು ಮನೆಗಳ ಒಲೆ ಉರಿಯಿತು. ಆಮೇಲೆ ಕುದ್ರೋಳಿ, ಮಲ್ಪೆಗಳಲ್ಲೂ ಹಂಚಿನ ಕಾರ್ಖಾನೆ. ರಿಜಿಸ್ಟರಿನಲ್ಲಿ ತಂದೆಯ ಕಸುಬು ಮೂರ್ತೆ ಎಂದೂ, ಇಪ್ಪತ್ತು ಮೂವತ್ತು ವರ್ಷಗಳ ನಂತರ ಮದುವೆಯ ರಿಜಿಸ್ಟರಿನಲ್ಲಿ ಮಗನ ಕಸುಬು ನೇಕಾರ ಅಥವಾ ಹಂಚಿನ ಕಾರ್ಖಾನೆ ಎಂದೂ, ಮೊಮ್ಮಗನದು ಶಾಲಾ ಉಪಾಧ್ಯಾಯ ಎಂದೂ ಕಂಡರೆ, ನಿಮ್ಮ ಸಂಚಿಕೆಯ ಅತ್ಯುತ್ತಮ ಅಧ್ಯಾಯ ಅದೇ. ಒಂದು ಹಾಳೆಯಲ್ಲಿ ಹತ್ತತ್ತು ವರ್ಷಕ್ಕೆ ಕಸುಬುಗಳನ್ನು ಎಣಿಸಿ ಬರೆದುಕೊಳ್ಳಿ. ಲೆಕ್ಕ ತಾನಾಗಿ ಕಥೆ ಹೇಳುತ್ತದೆ.

ಮನೆತನದ ಹೆಸರುಗಳ ವಿಷಯದಲ್ಲಿ ಎಚ್ಚರವಿರಲಿ. ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ವಂಶ ಸಾಗುವ, ಮನೆಯಿಂದ ಬಂದವನ ಗುರುತು ತಾಯಿಯ ‘ಬಳಿ’ಯಿಂದ, ಅಂದರೆ ಆಕೆಯ ಕುಲದ ಹೆಸರಿನಿಂದ. ರಿಜಿಸ್ಟರ್ ಕೇಳುವುದು ತಂದೆಯ ಹೆಸರನ್ನು. ಕೋಟ್ಯಾನ್, ಬಂಗೇರ, ಕುಂದರ್ ಮೊದಲಾದ ಬಳಿಯ ಹೆಸರುಗಳು ಕ್ರೈಸ್ತ ಮನೆಗಳಲ್ಲಿ ತಂದೆಯಿಂದ ಮಗನಿಗೆ ಇಳಿಯುವ ಮನೆತನದ ಹೆಸರಾಗಿ ನಿಂತವು. ಹಾಗಾಗಿ ಇಂದಿನ ಮನೆತನದ ಹೆಸರು ಹೆಚ್ಚಾಗಿ ತೋರಿಸುವುದು ಮೊದಲು ದೀಕ್ಷಾಸ್ನಾನ ಪಡೆದವನ ತಾಯಿಯ ಕಡೆಯನ್ನು. ಅದೇ ಹೆಸರಿನ ಎರಡು ಕುಟುಂಬಗಳು ರಕ್ತಸಂಬಂಧಿಗಳೆಂದು ಕಣ್ಣುಮುಚ್ಚಿ ವಂಶವೃಕ್ಷ ಬರೆದುಬಿಡಬೇಡಿ. ಕರ್ಕಡದಂಥ ಹೆಸರು ಊರನ್ನು ಸೂಚಿಸುತ್ತದೆ, ಬಳಿಯನ್ನಲ್ಲ. ಹೆಂಗಸರ ವಿಷಯ ಇನ್ನೂ ಕಷ್ಟ. ಗಂಡನ ದೀಕ್ಷಾಸ್ನಾನದ ಕೆಳಗೆ ಹೆಂಡತಿಯ ಹೊಸ ಹೆಸರಷ್ಟೇ ಬರೆದು ಹಳೆಯದನ್ನು ಬಿಟ್ಟಿರುತ್ತಾರೆ. ಮಗಳ ಮದುವೆಯ ದಾಖಲೆಯಲ್ಲೋ ಸಮಾಧಿಯ ದಾಖಲೆಯಲ್ಲೋ ಅದು ಸಿಕ್ಕೀತು. ಬೈಬಲ್ ಸ್ತ್ರೀಯರ (ಮನೆಮನೆಗೆ ಹೋಗಿ ಹೆಂಗಸರಿಗೆ ಬೈಬಲ್ ಹೇಳಿಕೊಡುತ್ತಿದ್ದ ಮಿಷನ್ ಕೆಲಸಗಾರ್ತಿಯರ) ಹೆಸರುಗಳನ್ನು ಮಿಷನ್ನಿನ ಸಂಬಳದ ಲೆಕ್ಕದಲ್ಲಿ ಹುಡುಕಿ, ಸಭೆಯ ನಡಾವಳಿಯಲ್ಲಿ ಸಿಗುವುದು ಅಪರೂಪ. ಉಡುಪಿಯವರಾದ ನಿಮಗೆ ಇನ್ನೊಂದು ದಾರಿಯೂ ಇದೆ: 1923ರಲ್ಲಿ ಡಾಕ್ಟರ್ ಇವಾ ಲೊಂಬಾರ್ಡ್ ಕಟ್ಟಿದ ಆಸ್ಪತ್ರೆಯಲ್ಲಿ ದುಡಿದ ನರ್ಸುಗಳು. ನಿಮ್ಮ ಸಭೆಯ ಎಷ್ಟು ಮನೆಗಳ ಹೆಣ್ಣುಮಕ್ಕಳು ಅಲ್ಲಿ ಕಲಿತರು, ಎಲ್ಲೆಲ್ಲಿಗೆ ಹೋದರು ಎಂದು ಹಿರಿಯ ಹೆಂಗಸರನ್ನು ಕೇಳಿ. ಸಭೆಯ ಹೆಂಗಸರ ಸಂಘವಾದ ಸ್ತ್ರೀ ಅನ್ಯೋನ್ಯ ಕೂಟದ ಒಂದು ಮಧ್ಯಾಹ್ನ ಸಾಕು, ಸಭಾಪರಿಪಾಲನಾ ಸಮಿತಿಯ ಹತ್ತು ಸಭೆಗಳಿಗಿಂತ ಹೆಚ್ಚು ಸಿಗುತ್ತದೆ.

ಹುಟ್ಟಿದ ವರ್ಷದ ಜಗಳಕ್ಕೆ ಬರುತ್ತೇನೆ. ಪ್ರತಿಯೊಂದು ಸಭೆಗೂ ನಾಲ್ಕು ಜನ್ಮದಿನಗಳಿರುತ್ತವೆ: ಆ ಊರಿನಲ್ಲಿ ಮಿಷನರಿ ಮೊದಲು ಬೋಧಿಸಿದ್ದು, ಆ ಊರಿನವರ ಮೊದಲ ದೀಕ್ಷಾಸ್ನಾನ, ದೇವಾಲಯ ಕಟ್ಟಿದ್ದು, ಸ್ವಂತ ಸಭಾಪಾಲಕ ಬಂದದ್ದು. ಹಿರಿಯರಲ್ಲಿ ಒಬ್ಬೊಬ್ಬರು ಒಂದೊಂದನ್ನು ಹಿಡಿದಿರುತ್ತಾರೆ, ಎಲ್ಲರೂ ಸರಿ. ನನ್ನ ಅಭಿಪ್ರಾಯ ಕೇಳಿದರೆ, ಸಭೆ ಹುಟ್ಟಿದ್ದು ಅದಕ್ಕೆ ತನ್ನದೇ ರಿಜಿಸ್ಟರ್ ತೆರೆದಾಗ. ಅಲ್ಲಿಯವರೆಗೆ ನಿಮ್ಮ ಊರಿನವರ ಹೆಸರು ಮಂಗಳೂರಿನದೋ ಮೂಲ್ಕಿಯದೋ ಪುಸ್ತಕದಲ್ಲಿ ಇರುತ್ತದೆ, ಅಂದರೆ ಆಡಳಿತದ ಲೆಕ್ಕದಲ್ಲಿ ನೀವು ಅವರ ಹೊರಠಾಣೆ. ಆದರೆ ವಾರ್ಷಿಕೋತ್ಸವದ ಬ್ಯಾನರ್ ಈಗಾಗಲೇ ಮುದ್ರಣಕ್ಕೆ ಹೋಗಿದ್ದರೆ ಜಗಳ ಬೇಡ. ನಾಲ್ಕೂ ತಾರೀಕುಗಳನ್ನು ಮೊದಲ ಪುಟದಲ್ಲೇ ಹಾಕಿಬಿಡಿ.

ಕಟ್ಟಡದ ವಯಸ್ಸನ್ನು ಹಂಚು ನೋಡಿ ನಿರ್ಧರಿಸುವವರನ್ನು ಮಾತ್ರ ನಂಬಬೇಡಿ. ಮಾಡು ಬಿಚ್ಚಿಸಿದಾಗ ಹಂಚಿನ ಬೆನ್ನಿನಲ್ಲಿ ಬಾಸೆಲ್ ಮಿಷನ್ ಟೈಲ್ ವರ್ಕ್ಸ್ ಎಂಬ ಅಚ್ಚಿನ ಜೊತೆ 1865 ಎಂದಿರುವುದನ್ನು ಕಂಡು, ನಮ್ಮ ದೇವಾಲಯ 1865ರದು ಎಂದು ಹಿಗ್ಗಿದವರು ಬಹಳ. ಆ ವರ್ಷ ಕಾರ್ಖಾನೆ ಆರಂಭವಾದದ್ದು. ಅದನ್ನು ದಶಕಗಳ ಕಾಲ ಹಂಚಿನ ಮೇಲೆ ಒತ್ತುತ್ತಲೇ ಇದ್ದರು. ಕಾಮನ್‌ವೆಲ್ತ್ ಹೆಸರಿನ ಹಂಚು ಸಿಕ್ಕರೆ ಅಷ್ಟು ಭಾಗವಾದರೂ ಮೊದಲ ಮಹಾಯುದ್ಧದ ನಂತರದ್ದೆಂದು ಧೈರ್ಯವಾಗಿ ಹೇಳಬಹುದು, ಏಕೆಂದರೆ ಮಿಷನ್ನಿನ ಕೈಗಾರಿಕೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಪಾಲಾದದ್ದು ಆಗ.

ಆ ಯುದ್ಧದ ಕಾಲಕ್ಕೆ ನಿಮ್ಮ ಸಂಚಿಕೆಯಲ್ಲಿ ಒಂದೆರಡು ಸಾಲಲ್ಲ, ಪುಟಗಳನ್ನೇ ಕೊಡಿ. 1914ರಲ್ಲಿ ಜರ್ಮನ್ ಮಿಷನರಿಗಳು ಶತ್ರುದೇಶದವರಾದರು. ಅವರನ್ನು ಅಹಮದ್‌ನಗರದ ಶಿಬಿರಕ್ಕೆ ಒಯ್ದರು, ಉಳಿದವರನ್ನು ದೇಶದಿಂದ ಕಳುಹಿಸಿದರು. ಎಂಬತ್ತು ವರ್ಷ ಮಿಷನರಿಯ ಮುಖ ನೋಡಿ ನಡೆದ ಸಭೆಗಳು ಒಮ್ಮೆಗೇ ದೇಶೀ ಸಭಾಪಾಲಕರ, ಹಿರಿಯರ ಕೈಗೆ ಬಂದವು. ಸ್ವಿಟ್ಜರ್‌ಲೆಂಡಿನ ಫ್ರೆಂಚ್ ಭಾಗದವರು ಕಟ್ಟಿದ ಕೆನರೀಸ್ ಇವ್ಯಾಂಜೆಲಿಕಲ್ ಮಿಷನ್ ಸ್ವಲ್ಪ ಕಾಲ ಆಸರೆಯಾಯಿತು. ಆದರೆ ಭಾನುವಾರ ಪ್ರಸಂಗ ಯಾರು ಮಾಡಬೇಕು, ಉಪದೇಶಿಯ ಸಂಬಳ ಎಲ್ಲಿಂದ, ಬೆಳೆ ಹಬ್ಬದ ಕಾಣಿಕೆ ಯಾವುದಕ್ಕೆ ಎಂಬುದನ್ನೆಲ್ಲ ನಿಶ್ಚಯಿಸಿದವರು ಊರಿನ ಹಿರಿಯರು. ಆ ವರ್ಷಗಳ ನಡಾವಳಿ ಪುಸ್ತಕ ನಿಮ್ಮ ಸಭೆಯಲ್ಲಿ ಉಳಿದಿದ್ದರೆ ಅದನ್ನೇ ಮೊದಲು ಓದಿ. ನನ್ನ ಲೆಕ್ಕದಲ್ಲಿ ಕರಾವಳಿಯ ಸಭೆಗಳು ನಿಜವಾಗಿ ಸಭೆಗಳಾದದ್ದು ಆಗಲೇ; ಸಿಎಸ್‌ಐ ಸೇರಿದ್ದು ಅದರ ಮುಂದುವರಿಕೆ.

ಹುಡುಕಬೇಕಾದ ಜಾಗಗಳು: ಮೊದಲನೆಯದು ನಿಮ್ಮ ಸಭೆಯ ಕಬ್ಬಿಣದ ಕಪಾಟು. ಆಮೇಲೆ ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ದಾಖಲೆ ಸಂಗ್ರಹ. ಮಿಷನ್ ಕಾಲದ ವರದಿಗಳು, ಪತ್ರಿಕೆಗಳು, ಬಲ್ಮಠದ ಪ್ರೆಸ್ಸಿನಲ್ಲಿ ಅಚ್ಚಾದ ಪುಸ್ತಕಗಳು ಅಲ್ಲಿವೆ. ಬಾಸೆಲ್ ಪಟ್ಟಣದಲ್ಲಿ ಮಿಷನ್ 21 ಎಂಬ ಸಂಸ್ಥೆಯ ಕೈಯಲ್ಲಿರುವ ಮೂಲ ಸಂಗ್ರಹದ ಛಾಯಾಚಿತ್ರಗಳನ್ನು ಅಂತರ್ಜಾಲದಲ್ಲೇ ನೋಡಬಹುದು. ಉಡುಪಿಯ ಮಿಷನ್ ಕಾಂಪೌಂಡಿನ, ಮಲ್ಪೆಯ, ಮೂಲ್ಕಿಯ ಹಳೆಯ ಚಿತ್ರಗಳಿಗಾಗಿ ಅಲ್ಲಿ ಹುಡುಕಿ. ಹೆಸರನ್ನು ಹಳೆಯ ಬರವಣಿಗೆಯಲ್ಲೂ ಕೊಟ್ಟು ನೋಡಬೇಕು, ಉಡುಪಿ ಉಡಪಿಯಾಗಿಯೂ ಉಡಿಪಿಯಾಗಿಯೂ ಇರಬಹುದು. ಮಿಷನರಿಗಳ ಕೈಬರಹದ ಪತ್ರಗಳು ಹಳೆಯ ಜರ್ಮನ್ ಲಿಪಿಯಲ್ಲಿವೆ, ಇಂದಿನ ಜರ್ಮನ್ನರಿಗೇ ಓದಲು ಬಾರದು. ಅದಕ್ಕೆ ಕೈ ಹಾಕುವ ಬದಲು ಅಚ್ಚಾದ ವಾರ್ಷಿಕ ವರದಿಗಳಿಂದ ಆರಂಭಿಸಿ.

ಭೂಮಿಯ ದಾಖಲೆಗಳನ್ನು ಯಾರೂ ನೋಡುವುದಿಲ್ಲ, ನೀವು ನೋಡಿ. ದಕ್ಷಿಣ ಕನ್ನಡ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು, ಆದ್ದರಿಂದ ಹಳೆಯ ಸರಕಾರಿ ಕಡತಗಳು ಚೆನ್ನೈನ ಎಗ್ಮೋರ್ ಪತ್ರಾಗಾರದಲ್ಲಿವೆ. ಆದರೆ ಅಷ್ಟು ದೂರ ಹೋಗುವ ಮೊದಲು ಸಭೆಯ ಮನೆಗಳಲ್ಲೇ ಕೇಳಿ: ಮೂಲಗೇಣಿ ಚೀಟು (ಶಾಶ್ವತ ಗೇಣಿಯ ಪತ್ರ) ಯಾರ ಹತ್ತಿರವಿದೆ, 1974ರ ಭೂಸುಧಾರಣೆಯ ನಂತರ ಉಳುವ ಭೂಮಿ ತಮ್ಮದೆಂದು ಡಿಕ್ಲರೇಶನ್ ಕೊಟ್ಟವರು ಯಾರು. ಆ ಅರ್ಜಿಗಳನ್ನು ವಿಚಾರಿಸಿದ ಭೂ ಟ್ರಿಬ್ಯೂನಲ್ಲಿನ ಕಡತದಲ್ಲಿ ಎಷ್ಟು ತಲೆಮಾರಿನಿಂದ ಸಾಗುವಳಿ ಎಂದು ಹೇಳಿಕೆ ಕೊಟ್ಟಿರುತ್ತಾರೆ. ಅಂಥ ಹೇಳಿಕೆಗಳಲ್ಲಿ ಅಜ್ಜನ ಹೆಸರು, ಬಂದ ಊರು, ಮನೆ ಕಟ್ಟಿದ ಕಾಲ ಎಲ್ಲ ಬರುತ್ತದೆ.

ರಿಜಿಸ್ಟರ್ ಓದುವಾಗ ಕನ್ನಡ ಅಂಕಿಗಳಲ್ಲಿ ೬ ಮತ್ತು ೯ ಅದಲುಬದಲಾಗುವುದು ಸಾಮಾನ್ಯ. ಹಿಂದಿನ ಮುಂದಿನ ಸಾಲಿನ ತಾರೀಕು ನೋಡಿ ಖಚಿತ ಮಾಡಿಕೊಳ್ಳಿ. ಅರ್ಥವಾಗದ ಕಸುಬಿನ ಪದಕ್ಕೆ ಕಿಟ್ಟೆಲ್ ನಿಘಂಟು, ಅದರಲ್ಲಿ ಸಿಗದಿದ್ದರೆ ಮ್ಯಾನರ್ 1886ರಲ್ಲಿ ತಂದ ತುಳು ನಿಘಂಟು. ಕರಾವಳಿಯ ತೇವಕ್ಕೆ ಹಾಳೆಗಳು ಬೆಲ್ಲದ ಬಣ್ಣಕ್ಕೆ ತಿರುಗಿ ಅಂಚು ಉದುರುತ್ತಿರುತ್ತವೆ. ಬೆರಳು ಒದ್ದೆ ಮಾಡಿ ಪುಟ ತಿರುಗಿಸಬೇಡಿ, ಮಳೆಗಾಲದಲ್ಲಿ ತೆರೆಯಬೇಡಿ, ಲ್ಯಾಮಿನೇಷನ್ ಮಾಡಿಸುವ ಉತ್ಸಾಹಿಗಳನ್ನು ಹತ್ತಿರಕ್ಕೂ ಬಿಡಬೇಡಿ. ಕಿಟಕಿಯ ಬೆಳಕಿನಲ್ಲಿ ಮೊಬೈಲಿನಿಂದ ಪ್ರತಿ ಪುಟದ ಚಿತ್ರ ತೆಗೆದು ಒಂದು ಪ್ರತಿಯನ್ನು ಸಭಾಪಾಲಕರ ಬಳಿ, ಇನ್ನೊಂದನ್ನು ಬಲ್ಮಠದ ಸಂಗ್ರಹಕ್ಕೆ ಕೊಡಿ.

ಎಲ್ಲವನ್ನೂ ಅಚ್ಚು ಹಾಕಲು ಹೋಗಬೇಡಿ. ಜಾತಿಯ ಅಂಕಣವನ್ನು ಒಟ್ಟಾರೆ ಲೆಕ್ಕವಾಗಿ ಕೊಡುವುದು ಸರಿ, ಮುಚ್ಚಿಡುವುದು ಅಪ್ರಾಮಾಣಿಕತೆ. ಆದರೆ ಹೆಸರಿನ ಜೊತೆ ಜಾತಿ ಸೇರಿಸಿ ಪಟ್ಟಿ ಮಾಡುವುದು ಆ ಮನೆಯವರು ಒಪ್ಪಿದರೆ ಮಾತ್ರ. ಶಿಸ್ತಿಗೆ ಒಳಗಾದವರ ಷರಾವನ್ನೂ ಹಾಗೆಯೇ: ಕುಡಿತಕ್ಕೋ, ಭೂತಕೋಲಕ್ಕೆ ಹೋದದ್ದಕ್ಕೋ ಸಭೆ ಜನರನ್ನು ಹೊರಗಿಟ್ಟಿತ್ತೆಂದು ಬರೆಯಿರಿ, ಯಾರನ್ನು ಎಂದು ಬರೆಯಬೇಡಿ. ಅವರ ಮೊಮ್ಮಕ್ಕಳು ನಿಮ್ಮ ಹಿಂದಿನ ಬೆಂಚಿನಲ್ಲೇ ಕುಳಿತಿರುತ್ತಾರೆ, ಸಂಚಿಕೆಗೆ ಜಾಹೀರಾತನ್ನೂ ಕೊಟ್ಟಿರುತ್ತಾರೆ.

ಕೊನೆಯದಾಗಿ ನಿಮ್ಮ ತಾಯಿಯವರ ಬೆಳಗಾವಿ. ಅದು ನಿಮ್ಮ ಸಂಚಿಕೆಗೆ ಬೇಕಿಲ್ಲ, ಆದರೆ ಪ್ರಶ್ನೆಯಲ್ಲಿ ಅದರ ಕುತೂಹಲ ಕಂಡಿತು. 1904ಕ್ಕೆ ಹಿಂದಿನ ಲಂಡನ್ ಮಿಷನ್ ಕಾಗದಗಳು ಲಂಡನ್ನಿನ ಸೋಯಸ್ (SOAS) ಎಂಬ ವಿದ್ಯಾಸಂಸ್ಥೆಯ ಗ್ರಂಥಾಲಯದಲ್ಲಿವೆ. ವೆಸ್ಲಿಯನ್ ಮಿಷನ್ನಿನ ಕಾಗದಗಳೂ ಅಲ್ಲೇ ಇರುವುದರಿಂದ ನಿಮ್ಮ ಹೆಂಡತಿಯ ತುಮಕೂರಿಗೂ ಅದೇ ವಿಳಾಸ. 1904ರ ನಂತರದ ಅಮೆರಿಕನ್ ಮೆಥಡಿಸ್ಟ್ ವರದಿಗಳು ಅಮೆರಿಕದ ಡ್ರೂ ವಿಶ್ವವಿದ್ಯಾಲಯದ ಆವರಣದಲ್ಲಿರುವ ಮೆಥಡಿಸ್ಟ್ ಪತ್ರಾಗಾರದಲ್ಲಿವೆ. ಇಷ್ಟು ದೂರದ ಜಾಗಗಳಿಗೆ ಬರೆಯುವ ಮೊದಲು ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನ ಸಂಗ್ರಹದಲ್ಲಿ ಒಮ್ಮೆ ವಿಚಾರಿಸಿ. ಕುಟುಂಬದ ಹೆಸರಷ್ಟೇ ಕೊಟ್ಟು ಹುಡುಕಿಕೊಡಿ ಎಂದರೆ ಯಾವ ಪತ್ರಾಗಾರದವರಿಗೂ ಆಗದು. ಸಭೆಯ ಊರು, ಸುಮಾರು ವರ್ಷ, ಆಗ ಅಲ್ಲಿದ್ದ ಮಿಷನರಿಯ ಹೆಸರು, ಈ ಮೂರನ್ನು ಬರೆದು ಕೇಳಿ. ಸಮಿತಿಯವರು ಕೊಟ್ಟಂಥ ಪಟ್ಟಿ ಉಪಯೋಗಕ್ಕೆ ಬರುವುದು ಅಂಥ ಪತ್ರ ಬರೆಯುವಾಗ. ಬೆಳಗಾವಿಯ ಸಭೆಯಲ್ಲೂ ಒಂದು ಇದ್ದೇ ಇರುತ್ತದೆ, ತಾಯಿಯವರಿಂದ ಹೇಳಿಸಿ ತರಿಸಿಕೊಳ್ಳಿ.